ನಾಗರತ್ನಮ್ಮನಿಗೆ ಇಲ್ಲದ ಕಾಯಿಲೆ

ಬೆಟ್ಟಯ್ಯನ ಸಹಿಯನ್ನು ನೀವು ನೋಡಬೇಕಿತ್ತು. ಒಂದೇ ಎಳೆತ, ನಡುವೆ ಎಲ್ಲೂ ಕೈ ಎತ್ತುವ ಮಾತಿಲ್ಲ, ಕೊನೆಗೆ ಅಡಿಯಲ್ಲೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಮಂಡ್ಯದ ಹೈಸ್ಕೂಲಿನಲ್ಲಿ ಕಾಪಿ ಬರೆದು ತಿದ್ದಿಕೊಂಡ ಕೈ, ಆಮೇಲೆ ಇಂಜಿನಿಯರಿಂಗ್ ಡ್ರಾಯಿಂಗ್ ಬರೆದ ಕೈ. ಅದಕ್ಕೆ ತಕ್ಕ ಜಂಬವೂ ಇತ್ತು. ಕುವೈತಿನ ಅವನ ಕಂಪನಿಯಲ್ಲಿ ಆ ಸಹಿ ಬೀಳದೆ ಒಂದು ಪೈಪೂ ನೆಲದೊಳಗೆ ಇಳಿಯುತ್ತಿರಲಿಲ್ಲ. ಬೆಟ್ಟಯ್ಯ ಸೈನ್ ಮಾಡಿದ ಮೇಲೆ ಖಲಾಸ್, ಇನ್ನು ನೋಡುವುದೇನೂ ಇಲ್ಲ ಎಂದು ಅರಬ್ಬಿ ಮ್ಯಾನೇಜರನೇ ಹೇಳುತ್ತಿದ್ದ. ಅಂಥ ಸಹಿ ಒಂದೇ ಒಂದು ಸಲ ಸುಳ್ಳು ಹೇಳಿತು. ಒಂದು ಸಲ ಸಾಲದೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಎಲ್ಲದಕ್ಕೂ ಮೂಲ ಒಂದು ಮನೆ. ಪಣಂಬೂರಿನಲ್ಲಿ ಬಂದರು ಕಟ್ಟುತ್ತಿದ್ದ ಕಾಲದಲ್ಲಿ ಬೆಟ್ಟಯ್ಯ ಅಲ್ಲಿ ಇಂಜಿನಿಯರನಾಗಿದ್ದ. ಆಗ ಮಂಗಳೂರಿನಲ್ಲಿ ಹತ್ತು ಸೆಂಟ್ಸ್ ಜಾಗ ಕೊಂಡು, ಹೆಂಡತಿಯ ಬಳೆ ಅಡವಿಟ್ಟು, ಹೆಂಚಿನ ಮನೆಯೊಂದನ್ನು ಕಟ್ಟಿಸಿದ. ಮನೆ ಕಟ್ಟಿ ನೋಡು ಅಂತಾರಲ್ಲ, ಕಟ್ಟಿ ನೋಡಿದ, ಇದ್ದು ನೋಡಲಿಲ್ಲ. ಗೃಹಪ್ರವೇಶದ ತೋರಣ ಒಣಗುವ ಮೊದಲೇ ಕುವೈತಿನಿಂದ ಕೆಲಸದ ಕಾಗದ ಬಂತು. ಒಣಮೀನಿನ ವ್ಯಾಪಾರ ಮಾಡುತ್ತಿದ್ದ ಒಬ್ಬ ಬ್ಯಾರಿ ಸಾಹುಕಾರನಿಗೆ ಮನೆಯನ್ನು ಬಾಡಿಗೆಗೆ ಕೊಟ್ಟು ಗಂಡ ಹೆಂಡತಿ ವಿಮಾನ ಹತ್ತಿದರು. ಎರಡು ವರ್ಷದಲ್ಲಿ ಆ ವ್ಯಾಪಾರಿ ತೀರಿಕೊಂಡ. ಮನೆಯಲ್ಲಿ ಉಳಿದವರು ಅವನ ಹೆಂಡತಿ ಕುಂಞಿಪಾತುಮ್ಮ, ಮೂವರು ಹೆಣ್ಣುಮಕ್ಕಳು. ಬಾಡಿಗೆಯ ಭಾರ ಅವಳ ಅಣ್ಣ ಉಮ್ಮರಬ್ಬನ ಹೆಗಲಿಗೆ ಬಿತ್ತು.

ಉಮ್ಮರಬ್ಬ ಇದ್ದದ್ದೂ ಕುವೈತಿನಲ್ಲೇ, ಮಿರ್ಕಾಬ್‌ನ ಒಂದು ಬಟ್ಟೆ ಅಂಗಡಿಯಲ್ಲಿ. ಹಾಗಿರುವಾಗ ಬಾಡಿಗೆಯ ದುಡ್ಡು ಇಲ್ಲಿಂದ ಮಂಗಳೂರಿಗೆ ಹೋಗಿ ಅಲ್ಲಿಂದ ಬೆಟ್ಟಯ್ಯನ ಕೈಗೆ ಬರುವ ತಾಪತ್ರಯವಾದರೂ ಯಾಕೆ? ತಿಂಗಳ ಮೊದಲ ಶುಕ್ರವಾರ ನಮಾಜು ಮುಗಿಸಿ ಅವನು ಬ್ನೇದ್ ಅಲ್ ಗಾರಿನ ಬೆಟ್ಟಯ್ಯನ ಫ್ಲಾಟಿಗೆ ಬರುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಪೊಟ್ಟಣ ಖರ್ಜೂರ. ಬಾಗಿಲಲ್ಲೇ ಮೊದಲ ಮಾತು, "ಅಮ್ಮ ಹುಷಾರಾ?" ಆಮೇಲೆ ಕೂತು ನಾಗರತ್ನಮ್ಮನ ಫಿಲ್ಟರ್ ಕಾಫಿ ಕುಡಿದು, ಮಡಿಸದ ಹತ್ತು ದಿನಾರಿನ ಒಂದು ನೋಟನ್ನು ಲೋಟದ ಕೆಳಗಿಟ್ಟು ಎದ್ದು ಹೋಗುತ್ತಿದ್ದ. ಮೊದಲ ಸಲ ಬೆಟ್ಟಯ್ಯ ರಶೀದಿ ಬರೆಯಲು ಪೆನ್ನು ತೆಗೆದಾಗ ನಕ್ಕುಬಿಟ್ಟಿದ್ದ. ನಮ್ಮೊಳಗೆ ಎಂತ ರಶೀದಿ ಸಾರ್, ಮೇಲೆ ಒಬ್ಬ ನೋಡ್ತಾ ಇದ್ದಾನಲ್ಲ ಅಂದಿದ್ದ. ಆರು ವರ್ಷ ಹಾಗೇ ನಡೆಯಿತು. ಒಂದು ಶುಕ್ರವಾರ ತಪ್ಪಲಿಲ್ಲ, ಒಂದು ತುಂಡು ಕಾಗದ ಹುಟ್ಟಲಿಲ್ಲ.

ಎಂಬತ್ತೊಂದನೇ ಇಸವಿಯಲ್ಲಿ ಬೆಟ್ಟಯ್ಯನ ತಲೆಯೊಳಗೆ ಹುಳ ಹೊಕ್ಕಿತು. ಬಿಟ್ಟವನು ಶ್ಯಾಮಸುಂದರ್ ಅಂತ, ಬ್ಯಾಂಕಿನಲ್ಲಿದ್ದ ಮೈಸೂರಿನವನು. ವಾರಕ್ಕೊಮ್ಮೆ ಇಸ್ಪೀಟಿಗೆ ಸೇರುವ ಗೆಳೆಯ. ಬೆಂಗಳೂರಿನ ತನ್ನ ಎರಡು ಮನೆಗಳ ಬಾಡಿಗೆಯನ್ನು ಅವನು ಎಲೆ ಹಾಕುತ್ತಲೇ ಹೇಳುತ್ತಿದ್ದ. ಬೆಟ್ಟಯ್ಯನ ಮನೆಗೆ ಬರುವ ಬಾಡಿಗೆ ಕೇಳಿದವನು ಎಲೆ ಕೆಳಗಿಟ್ಟು, ಅದು ಸತ್ತ ದುಡ್ಡು ಕಣಯ್ಯ, ಹೂತಿಟ್ಟು ಮೇಲೆ ತುಳಸಿ ನೆಟ್ಟುಬಿಡು ಅಂದ. ಎಲ್ಲರೂ ನಕ್ಕರು. ಬೆಟ್ಟಯ್ಯನೂ ನಕ್ಕ, ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಅದೇ ತಿಂಗಳು ಮಂಗಳೂರಿನ ವಕೀಲ ಲಕ್ಷ್ಮೀನರಸಿಂಹನ ಕಾಗದವೂ ಬಂತು. ಒಬ್ಬ ಡಾಕ್ಟರು ಆ ಬೀದಿಯಲ್ಲಿ ನರ್ಸಿಂಗ್ ಹೋಮ್ ತೆಗೆಯಬೇಕೆಂದಿದ್ದಾರೆ, ನಿಮ್ಮ ಮನೆ ಖಾಲಿಯಾದರೆ ತಿಂಗಳಿಗೆ ಎರಡು ಸಾವಿರ ಕೊಡಲು ತಯಾರು ಎಂದು.

ಎರಡು ಸಾವಿರ! ಹತ್ತು ದಿನಾರ್ ಅಂದರೆ ಆಗ ಮುನ್ನೂರು ರೂಪಾಯಿ. ಆದರೆ ಕಾನೂನು ಅಡ್ಡ ಮಲಗಿತ್ತು. ಸರಿಯಾಗಿ ಬಾಡಿಗೆ ಕೊಡುವವರನ್ನು ಎಬ್ಬಿಸುವ ಹಾಗಿಲ್ಲ, ಮನಸ್ಸಿಗೆ ಬಂದಷ್ಟು ಏರಿಸುವ ಹಾಗೂ ಇಲ್ಲ. ವಕೀಲ ಎರಡು ದಾರಿ ಬರೆದಿದ್ದ. ಒಂದು, ರಶೀದಿ ಕೊಟ್ಟಿಲ್ಲವಾದ್ದರಿಂದ ಬಾಡಿಗೆ ಬಾಕಿ ಎಂದು ದಾವೆ ಹಾಕುವುದು. ಇನ್ನೊಂದು, ಮನೆ ನಮ್ಮ ಸ್ವಂತ ವಾಸಕ್ಕೇ ಬೇಕು ಎಂದು ಪ್ರಮಾಣ ಮಾಡುವುದು. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದ್ದರೆ ಕೋರ್ಟು ಬೇಗ ಕರಗುತ್ತದೆ. ಎಲ್ಲ ಮಾಲೀಕರೂ ಮಾಡುವುದೇ ಇದು, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ ಎಂದು ಕೊನೆಗೆ ಧೈರ್ಯವನ್ನೂ ಹೇಳಿದ್ದ.

ಮೊದಲನೆಯ ದಾರಿ ಓದಿ ಬೆಟ್ಟಯ್ಯನಿಗೆ ಮೈ ಉರಿಯಿತು. ಕೊಟ್ಟ ದುಡ್ಡನ್ನು ಕೊಟ್ಟಿಲ್ಲ ಅನ್ನುವುದೇ? ಅಷ್ಟು ನೀಚ ನಾನಲ್ಲ ಎಂದು ಖಾರವಾಗಿಯೇ ಉತ್ತರ ಬರೆದ. ಬರೆದು, ತಾನು ಎಂಥ ಯೋಗ್ಯ ಎಂದು ತನಗೆ ತಾನೇ ಬೆನ್ನು ತಟ್ಟಿಕೊಂಡ. ಅದೇ ಕಾಗದದ ಕೆಳಗಡೆ, ಎರಡನೆಯ ದಾರಿಯಲ್ಲಿ ಮುಂದುವರಿಯಿರಿ ಎಂದು ಬರೆದ! ಮನುಷ್ಯ ಹೀಗೆಯೇ ನೋಡಿ. ದೊಡ್ಡ ಹೊಂಡಕ್ಕೆ ಬೀಳಲಿಲ್ಲ ಎಂಬ ಸಂಭ್ರಮದಲ್ಲಿ ಚಿಕ್ಕ ಹೊಂಡಕ್ಕೆ ಕಾಲಿಡುತ್ತಾನೆ.

ಪ್ರಮಾಣಪತ್ರ ಟೈಪಾಗಿ ಬಂತು. ಅರ್ಜಿದಾರರ ಪತ್ನಿ ನಾಗರತ್ನಮ್ಮ ಹೃದ್ರೋಗದಿಂದ ನರಳುತ್ತಿದ್ದಾರೆ, ಮರುಭೂಮಿಯ ಹವೆ ಅವರಿಗೆ ಒಗ್ಗುತ್ತಿಲ್ಲ, ಸಮುದ್ರತೀರದಲ್ಲಿ ನೆಲೆಸಬೇಕೆಂದು ವೈದ್ಯರ ಸಲಹೆಯಾಗಿದೆ. ಬೆಟ್ಟಯ್ಯ ಅದನ್ನು ಓದಿದ್ದು ತನ್ನ ಫ್ಲಾಟಿನ ಬಾಲ್ಕನಿಯಲ್ಲಿ ನಿಂತು. ಎದುರಿಗೇ ಸಮುದ್ರ ಇತ್ತು. ಮೀನಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಳಗೆ ಹೃದ್ರೋಗಿ ರಾಗಿ ಮುದ್ದೆ ತೊಳಸುತ್ತಿದ್ದಳು, ಕೋಲಿನ ಏಟಿಗೆ ಪಾತ್ರೆ ಕುಣಿಯುತ್ತಿತ್ತು. ಅವಳಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ಹೇಳಿದರೆ ಬೇಡ ಅಂದಾಳು ಎಂದು ಹೇಳಲಿಲ್ಲ. ಮರುದಿನ ಎಂಬೆಸಿಗೆ ಹೋದ. ಇದರಲ್ಲಿರುವುದೆಲ್ಲ ನಿಜವೇ ಎಂದು ಅಧಿಕಾರಿ ಕೇಳಿದ, ನಿಜ ಎಂದು ಬೆಟ್ಟಯ್ಯ ಹೇಳಿದ. ಸಹಿ ಎಂದಿನ ಹಾಗೇ ಬಂತು, ಒಂದೇ ಎಳೆತ, ಅಡಿಗೆರೆ, ಎರಡು ಚುಕ್ಕೆ. ಅದರ ಮೇಲೆ ಮೊಹರು ಬಿತ್ತು.

ಒಂದೂವರೆ ತಿಂಗಳಾದ ಮೇಲೆ, ತಿಂಗಳ ಮೊದಲ ಶುಕ್ರವಾರ ಉಮ್ಮರಬ್ಬ ಬರಲಿಲ್ಲ. ನಾಗರತ್ನಮ್ಮ ಕಾಫಿಗೆ ಡಿಕಾಕ್ಷನ್ ಇಳಿಸಿ ಕಾದಳು. ಜ್ವರಗಿರ ಬಂತೇನೋ ಪಾಪ, ಫೋನು ಮಾಡಿ ವಿಚಾರಿಸಿ ಅಂದಳು. ಬೆಟ್ಟಯ್ಯ ಮಾಡಲಿಲ್ಲ. ನೋಟಿಸು ಮುಟ್ಟಿದೆ ಎಂದು ಅವನಿಗೆ ಗೊತ್ತಾಗಿತ್ತು. ಆ ವಾರವೆಲ್ಲ ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ಬಂದು ಕೂಗಾಡಿದರೆ ಏನು ಹೇಳಬೇಕು ಎಂದು ಕಾರಿನಲ್ಲಿ, ಸ್ನಾನದಲ್ಲಿ ಉತ್ತರ ತಯಾರಿಸಿಕೊಂಡ. ನನ್ನ ಮನೆ, ನನ್ನ ಇಷ್ಟ. ಕಾನೂನು ಇದೆ, ಕೋರ್ಟು ಇದೆ. ಒಳ್ಳೆಯ ಗಟ್ಟಿ ಉತ್ತರಗಳು. ಒಂದೂ ಉಪಯೋಗಕ್ಕೆ ಬರಲಿಲ್ಲ.

ಎರಡನೆಯ ಶುಕ್ರವಾರ ಉಮ್ಮರಬ್ಬ ಬಂದ. ಆ ಹೊತ್ತಿಗೆ ಸರಿಯಾಗಿ ನಾಗರತ್ನಮ್ಮ ತುಂಬಿದ ಗ್ಯಾಸ್ ಸಿಲಿಂಡರನ್ನು ಓರೆ ಮಾಡಿಕೊಂಡು, ಬಾಗಿಲ ಬಳಿಯಿಂದ ಅಡುಗೆಮನೆಗೆ ಉರುಳಿಸಿಕೊಂಡು ಹೋಗುತ್ತಿದ್ದಳು. ಅವನು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಓಡಿ ಬಂದು ಸಿಲಿಂಡರಿಗೆ ಕೈ ಹಾಕಿದ. ಇದೆಲ್ಲ ನೀವು ಮಾಡಬಾರದು, ಕೂತುಕೊಳ್ಳಿ ಎಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಾನೇ ಅದನ್ನು ಒಳಗಿಟ್ಟು ಬಂದ. ಆರು ವರ್ಷದಲ್ಲಿ ಅಡುಗೆಮನೆಯ ಹೊಸ್ತಿಲು ದಾಟದ ಮನುಷ್ಯ! ನಾಗರತ್ನಮ್ಮ ಗಂಡನ ಮುಖ ನೋಡಿದಳು. ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಉಮ್ಮರಬ್ಬ ಚೀಲದಿಂದ ಒಂದು ಸೀಸೆ ತೆಗೆದ. ಟಾನಿಕ್ಕಿನ ಹಳೆಯ ಸೀಸೆ, ಬಿಗಿಯಾಗಿ ಬಟ್ಟೆ ಕಟ್ಟಿತ್ತು. ರಜೆ ಮುಗಿಸಿ ನಿನ್ನೆ ಊರಿಂದ ಬಂದ ತನ್ನ ಅಂಗಡಿಯ ಹುಡುಗ ಹಂಝನ ಕೈಯಲ್ಲಿ ತಂಗಿ ಕಳಿಸಿದ್ದು, ಉಳ್ಳಾಲ ದರ್ಗಾದ ನೀರು ಅಂದ. ಕೋರ್ಟಿನ ಕಾಗದ ಬಂದ ದಿನ ತಂಗಿಗೆ ಕೈಕಾಲು ಆಡಲಿಲ್ಲವಂತೆ. ದೊಡ್ಡ ಮಗಳು ಕೂತು ಓದಿ ಹೇಳಿದ ಮೇಲೆ ವಿಷಯ ತಿಳಿಯಿತಂತೆ. ತಿಳಿದ ಮರುದಿನವೇ ಅವಳು ದರ್ಗಾಕ್ಕೆ ಹೋಗಿ, ಮನೆಯ ಅಮ್ಮನ ಹೃದಯ ಗುಣವಾದರೆ ಒಂದು ಆಡು ಕೊಡುತ್ತೇನೆಂದು ಹರಕೆ ಹೊತ್ತು ಬಂದಳಂತೆ. ಆಡು! ಬೀಡಿ ಕಟ್ಟಿ ಮನೆಯ ಖರ್ಚು ತೂಗಿಸುವ ಹೆಂಗಸು.

"ಕೋರ್ಟು ಎಂತಕ್ಕೆ ಸಾರ್, ನನ್ನಲ್ಲಿ ಒಂದು ಮಾತು ಹೇಳಿದ್ರೆ ಸಾಕಿತ್ತು," ಅಂದ ಉಮ್ಮರಬ್ಬ. ದನಿಯಲ್ಲಿ ಕೋಪ ಇರಲಿಲ್ಲ. "ಆದ್ರೆ ನಿಮಗೆ ಬಾಯಿ ಬರ್ಲಿಲ್ಲ. ಅದು ನನಗೆ ಅರ್ಥ ಆಗ್ತದೆ. ಗಂಡ ಇಲ್ಲದವಳನ್ನು ಮನೆ ಬಿಡು ಅಂತ ಹೇಳ್ಲಿಕ್ಕೆ ನಿಮ್ಮಂಥವರಿಗೆ ಬಾಯಿ ಹೇಗೆ ಬರ್ತದೆ?"

ಬೆಟ್ಟಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಲ್ಕನೆಯ ಮಹಡಿಯಲ್ಲಿ ಭೂಮಿ ಎಲ್ಲಿಂದ ಬರಬೇಕು. ನಾಗರತ್ನಮ್ಮ ಗಂಡನ ಕಡೆ ತಿರುಗಿದಳು. ಅವಳು ಓದಿದ್ದು ಎಂಟನೇ ಕ್ಲಾಸು, ಆದರೆ ಗಂಡನ ಬೆವರು ಓದಲು ಅಷ್ಟು ಓದು ಸಾಕು. ಸೆರಗು ಹೊದ್ದು, ಎರಡೂ ಕೈಯಲ್ಲಿ ಸೀಸೆ ತೆಗೆದುಕೊಂಡಳು. ಬಟ್ಟೆ ಬಿಚ್ಚಿ, ಕಣ್ಣಿಗೊತ್ತಿಕೊಂಡು, ನೀರನ್ನು ಪೂರ್ತಿ ಕುಡಿದಳು. ನಿಮ್ಮ ತಂಗಿ ದೊಡ್ಡ ಮನಸ್ಸಿನವಳು, ಈಗ ಪರವಾಗಿಲ್ಲ ಅಂತ ಬರೆಯಿರಿ ಅಂದಳು. ದನಿ ಸಣ್ಣಗಿತ್ತು, ಉಮ್ಮರಬ್ಬ ಅದನ್ನು ನಿತ್ರಾಣ ಅಂದುಕೊಂಡ.

ಹೊರಡುವಾಗ ಅವನು ಉಳಿದದ್ದನ್ನು ಹೇಳಿದ. ಕೋರ್ಟಿನಲ್ಲಿ ತಕರಾರು ಹಾಕುವುದಿಲ್ಲ, ಬೀಗದ ಕೈ ವಕೀಲರಿಗೆ ಕೊಟ್ಟುಬಿಡು ಎಂದು ತಂಗಿಗೆ ಕಾಗದ ಬರೆದಿಟ್ಟಿದ್ದೇನೆ. ಸಬ್ಹಾನಿನ ಫ್ಯಾಕ್ಟರಿಯಲ್ಲಿ ಡ್ರೈವರನಾಗಿರುವ ನಮ್ಮೂರ ಮೋನಪ್ಪ ಮಂಗಳವಾರ ಊರಿಗೆ ಹೋಗುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ತಂಗಿ ಗಂಡನ ಅಣ್ಣನ ಮನೆಗೆ ಹೋಗುತ್ತಾಳೆ, ಅದು ಬಂಟ್ವಾಳದಿಂದಲೂ ಒಳಗೆ. ಅಲ್ಲಿ ಹೈಸ್ಕೂಲು ಇಲ್ಲ, ಹುಡುಗಿಯರ ಓದು ಅಷ್ಟಕ್ಕೆ ನಿಲ್ಲುತ್ತದೆ, ಇರಲಿ, ಓದು ದೊಡ್ಡದಲ್ಲ ಅಮ್ಮನ ಜೀವ ದೊಡ್ಡದು. ಇಷ್ಟು ಹೇಳಿ, ಕುಡಿದ ಲೋಟದ ಕೆಳಗೆ ಹತ್ತು ದಿನಾರಿನ ನೋಟನ್ನಿಟ್ಟು ಅವನು ಹೋದ.

ಬಾಗಿಲು ಹಾಕಿ ಬಂದ ನಾಗರತ್ನಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಬೆಟ್ಟಯ್ಯನಿಗೆ ಎಷ್ಟೋ ಹಾಯಾಗಿರುತ್ತಿತ್ತು.

"ನನಗೆ ಏನು ಕಾಯಿಲೆ ಅಂತ ಬರೆಸಿದ್ದೀರಿ?"

"ಹಾರ್ಟು."

"ಯಾಕೆ?"

ಹೇಳಿದ. ಡಾಕ್ಟರು, ಎರಡು ಸಾವಿರ, ವಕೀಲ, ಎಂಬೆಸಿ, ಎಲ್ಲ. ಹೇಳುತ್ತ ಹೇಳುತ್ತ, ಊರಿನ ಹಾಸ್ಟೆಲಿನಲ್ಲಿರುವ ಮಗನ ಇಂಜಿನಿಯರಿಂಗ್ ಫೀಸು, ಇಲ್ಲಿಯ ಕೆಲಸ ಎಷ್ಟು ದಿನವೋ ಎಂಬ ಚಿಂತೆ, ಇವನ್ನೂ ಸೇರಿಸಿದ. ಆ ಮೊದಲನೆಯ ದಾರಿಯನ್ನು ತಾನು ಹೇಗೆ ಒದ್ದು ತಳ್ಳಿದೆ ಎಂಬುದನ್ನೂ ಸೇರಿಸಿದ. ಅವಳು ಖಾಲಿ ಸೀಸೆಯನ್ನೇ ತಿರುಗಿಸುತ್ತ ಕೂತಿದ್ದಳು. ಆ ಮನೆ ಕಟ್ಟುವಾಗ ತನ್ನ ಬಳೆ ಬಿಚ್ಚಿಕೊಟ್ಟದ್ದನ್ನು ಅವಳು ಎತ್ತಲಿಲ್ಲ. ಬೆಟ್ಟಯ್ಯನಿಗೇ ಅದು ನೆನಪಾಯಿತು.

"ಮನೆಗೆ ಬಂದ ಮನುಷ್ಯನ ಎದುರು ಗಂಡನ ಮಾನ ಹೋಗಬಾರದು ಅಂತ ಕುಡಿದೆ ಕಣ್ರೀ," ಅಂದಳು. "ಯಾರೋ ನನ್ನ ಜೀವಕ್ಕೆ ಹರಕೆ ಹೊತ್ತ ನೀರು. ಕುಡಿದವಳು ನಾನು, ಕಕ್ಕಬೇಕಾದವರು ನೀವು. ಮಂಗಳವಾರದ ಒಳಗೆ."

ಆಮೇಲೆ ಎದ್ದು ಅಡುಗೆಗೆ ಹೋದಳು. ಆ ದಿನದಿಂದ ಅವನ ತಟ್ಟೆಗೆ ಬಡಿಸಿದಳು, ಜೊತೆಗೆ ಕೂತು ಉಣ್ಣಲಿಲ್ಲ.

ಶನಿವಾರ ಬೆಟ್ಟಯ್ಯ ಮಿರ್ಕಾಬ್‌ನ ಬೀದಿಯಲ್ಲಿ ಕಾರು ನಿಲ್ಲಿಸಿ, ಅಂಗಡಿಯ ಬೋರ್ಡನ್ನು ಕಾರೊಳಗಿಂದಲೇ ನೋಡಿ ವಾಪಸ್ ಬಂದ. ಭಾನುವಾರ ಸೈಟಿನಲ್ಲಿ ಕೆಲಸ ಜಾಸ್ತಿ ಎಂದು ಸುಳ್ಳು ನೆಪ ಸಿಕ್ಕಿತು. ಕಾಗದ ಹಾಕಿದರೆ ಹೇಗೆ, ಫೋನಿನಲ್ಲಿ ಹೇಳಿದರೆ ಹೇಗೆ ಎಂದು ಲೆಕ್ಕ ಹಾಕಿದ. ಹೇಳದೆಯೇ ವಕೀಲನಿಗೆ ಕೇಸು ವಾಪಸ್ ಮಾಡಲು ಬರೆದರೆ ಸಾಲದೇ ಎಂದೂ ಯೋಚಿಸಿದ. ಆದರೆ ಆ ಕಾಗದ ಅಲ್ಲಿಗೆ ಮುಟ್ಟುವ ಮೊದಲು ಮೋನಪ್ಪ ಮುಟ್ಟುತ್ತಾನೆ. ಅವನು ಕೊಟ್ಟ ಕಾಗದ ಓದಿ ಅವಳು ಗಂಟುಮೂಟೆ ಕಟ್ಟುತ್ತಾಳೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಮೂರು ದಿನ ತಿರುಗಿದ. ಸೋಮವಾರ ಸಂಜೆ, ವಕೀಲನ ಆ ಹಳೆಯ ಕಾಗದವನ್ನು, ಯಾಕೆಂದು ತನಗೇ ಗೊತ್ತಿಲ್ಲದೆ, ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟ.

ಅಂಗಡಿಯಲ್ಲಿ ಉಮ್ಮರಬ್ಬ ಬಟ್ಟೆಯ ಥಾನುಗಳನ್ನು ಸುತ್ತಿಡುತ್ತಿದ್ದ, ಹಂಝ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಬೆಟ್ಟಯ್ಯನನ್ನು ಕಂಡದ್ದೇ ಸ್ಟೂಲು ಒರೆಸಿ ಕೂರಿಸಿ, ಪಕ್ಕದಿಂದ ಸುಲೈಮಾನಿ ಚಹಾ ತರಿಸಿದ. ಅಮ್ಮ ಹುಷಾರಾ ಎಂದು ಕೇಳಿದ. ಬೆಟ್ಟಯ್ಯ ಚಹಾ ಮುಟ್ಟಲಿಲ್ಲ. ನನ್ನ ಹೆಂಡತಿಗೆ ಕಾಯಿಲೆ ಇಲ್ಲ, ಎಂದೂ ಇರಲಿಲ್ಲ, ನಾನು ಸುಳ್ಳು ಬರೆದೆ ಎಂದು ಒಂದೇ ಉಸಿರಿಗೆ ಹೇಳಿದ. ಕಾಗದ ಕಳಿಸಬೇಡ, ನಿನ್ನ ತಂಗಿ ಮನೆ ಬಿಡುವುದು ಬೇಡ ಅಂದ. ಹೇಳಿಯಾಯಿತು, ಇನ್ನು ಬೈಯಲಿ, ಹೊಡೆಯಲಿ ಎಂದು ಕೂತ.

ಉಮ್ಮರಬ್ಬ ಬೈಯಲಿಲ್ಲ. ಥಾನನ್ನು ಕೆಳಗಿಟ್ಟು, ಬೆಟ್ಟಯ್ಯನ ಹತ್ತಿರ ಬಂದ. ಕಣ್ಣು ಒದ್ದೆಯಾಗಿತ್ತು.

"ನೀವು ಇಷ್ಟು ದೂರ ಬಂದು ನಮಗೋಸ್ಕರ ಸುಳ್ಳು ಹೇಳ್ತೀರಿ," ಅಂದ. "ಅಮ್ಮ ನನ್ನ ಕಣ್ಣೆದುರು ನೀರು ಕುಡಿದ್ರು ಸಾರ್. ಕಾಯಿಲೆ ಇಲ್ಲದವರು ಹಾಗೆ ಕುಡಿತಾರಾ? ಕೋರ್ಟಿನ ಕಾಗದದ ನಕಲು ನನ್ನಲ್ಲಿ ಉಂಟು. ಅದ್ರಲ್ಲಿ ನಿಮ್ಮ ಸಹಿ ಉಂಟು. ಸುಳ್ಳಿಗೆ ಸಹಿ ಹಾಕುವ ಮನುಷ್ಯ ಅಲ್ಲ ನೀವು. ನನಗೆ ಗೊತ್ತಿಲ್ವಾ?"

ಬೆಟ್ಟಯ್ಯ ಮತ್ತೆ ಹೇಳಿದ. ಆಣೆ ಮಾಡಿ ಹೇಳಿದ. ಹೇಳಿದಷ್ಟೂ ಅವನು ಇನ್ನಷ್ಟು ಒಳ್ಳೆಯವನಾಗುತ್ತ ಹೋದ. ಉಮ್ಮರಬ್ಬ ಅವನ ಎರಡೂ ಕೈ ಹಿಡಿದುಕೊಂಡು, ಹಂಝನನ್ನು ಕರೆದ. ಇಲ್ಲಿ ನೋಡು, ನನ್ನ ತಂಗಿ ಬೀದಿಗೆ ಬೀಳಬಾರದು ಅಂತ ಈ ಮನುಷ್ಯ ಹೆಂಡತಿಯ ಕಾಯಿಲೆಯನ್ನೇ ಮುಚ್ಚಿಡುತ್ತಿದ್ದಾರೆ ಎಂದು ಬ್ಯಾರಿ ಭಾಷೆಯಲ್ಲಿ ಹೇಳಿದ. ಬಂದರಿನ ದಿನಗಳಲ್ಲಿ ಕಲಿತ ಅಷ್ಟು ಭಾಷೆ ಬೆಟ್ಟಯ್ಯನಿಗೆ ಅರ್ಥವಾಗುತ್ತಿತ್ತು. ಹಂಝ ಎದೆಗೆ ಕೈಯಿಟ್ಟು ತಲೆ ಬಾಗಿಸಿದ. ಬೈಗುಳ ತಿಂದು ಅರಗಿಸಿಕೊಳ್ಳಬಹುದು ಸ್ವಾಮಿ, ಇಂಥ ಹೊಗಳಿಕೆಯನ್ನು ಎಲ್ಲಿಟ್ಟುಕೊಳ್ಳುವುದು? ನಾಚಿಕೆಯಿಂದ ಬೆಟ್ಟಯ್ಯ ಹಿಡಿಯಷ್ಟಾಗಿ ಹೋದ. ಒಂದು ಕ್ಷಣ, ಪಾಪಿ, ಅವನಿಗೆ ಇದೂ ಅನ್ನಿಸಿತು: ಇಲ್ಲಿಗೇ ಎದ್ದು ಹೋದರೆ? ಹೇಳಬೇಕಾದದ್ದು ಹೇಳಿಯಾಯಿತು, ನಂಬದಿದ್ದರೆ ನನ್ನ ತಪ್ಪೇ?

ಆಗ ಡ್ರಾಯರಿನ ಮೇಲಿದ್ದ ಲಕೋಟೆ ಕಣ್ಣಿಗೆ ಬಿತ್ತು. ಮೇಲೆ ದುಂಡಗಿನ ಕನ್ನಡದಲ್ಲಿ ಅವನದೇ ಮನೆಯ ವಿಳಾಸ, ಕುಂಞಿಪಾತುಮ್ಮನ ಹೆಸರು. ಬೆಟ್ಟಯ್ಯ ಜೇಬಿಗೆ ಕೈ ಹಾಕಿ ವಕೀಲನ ಕಾಗದ ತೆಗೆದು ಉಮ್ಮರಬ್ಬನ ಮುಂದಿಟ್ಟ. ಓದು ಅಂದ.

ಉಮ್ಮರಬ್ಬ ಕನ್ನಡಕ ಹುಡುಕಿ ಹಾಕಿಕೊಂಡ. ಅವನು ಓದುವುದು ನಿಧಾನ, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ. ಡಾಕ್ಟರು ಬಂದರು, ಎರಡು ಸಾವಿರ ಬಂತು. ಬೆರಳು ನಡೆಯುತ್ತಲೇ ಇತ್ತು. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದ್ದರೆ ಕೋರ್ಟು ಬೇಗ ಕರಗುತ್ತದೆ ಎಂಬುದೂ ದಾಟಿತು. ಆಮೇಲೆ ಅದು ಹಿಂದಕ್ಕೆ ಹೋಗಿ ಒಂದು ಸಾಲಿನ ಹತ್ತಿರ ನಿಂತಿತು. ಅದು ಯಾವ ಸಾಲು ಎಂದು ಬೆಟ್ಟಯ್ಯನಿಗೆ ನೋಡದೆಯೇ ಗೊತ್ತಾಯಿತು: ರಶೀದಿ ಕೊಟ್ಟಿಲ್ಲವಾದ್ದರಿಂದ ಬಾಡಿಗೆ ಬಾಕಿ ಎಂದೂ ಹಾಕಬಹುದು, ಆ ಹೆಂಗಸಿನ ಬಳಿ ಪುರಾವೆ ಇರಲಾರದು.

"ಅದಕ್ಕೆ ನಾನು ಒಪ್ಪಲಿಲ್ಲ," ಅಂದ ಬೆಟ್ಟಯ್ಯ. ತನ್ನ ದನಿ ತನಗೇ ಕೇಳಿ ಅಸಹ್ಯವಾಯಿತು.

"ಒಪ್ಪಲಿಲ್ಲ," ಅಂದ ಉಮ್ಮರಬ್ಬ. "ಸರಿ."

ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ವಾಪಸ್ ಕೊಟ್ಟ. ಲಕೋಟೆಯನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಒರೆಸುತ್ತಲೇ ಇದ್ದ. ಚಹಾ ತಣ್ಣಗಾಯ್ತು ಸಾರ್ ಎಂದಷ್ಟೇ ಹೇಳಿ, ಬಾಗಿಲಲ್ಲಿ ನಿಂತಿದ್ದ ಗಿರಾಕಿಯ ಕಡೆಗೆ ಹೋದ. ಬೆಟ್ಟಯ್ಯ ತಣ್ಣಗಾದ ಚಹಾವನ್ನು ಕುಡಿದೇ ಎದ್ದ. ಕುಡಿಯದೆ ಹೋಗುವ ಧೈರ್ಯ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೇಸು ವಾಪಸ್ ತೆಗೆಯಿರಿ ಎಂದು ವಕೀಲನಿಗೆ ತಂತಿ ಕೊಟ್ಟ. ವಕೀಲ ತನ್ನ ಫೀಸಿನ ಪಟ್ಟಿ ಕಳಿಸಿದ; ಡಾಕ್ಟರು ಬೇರೆ ಮನೆ ನೋಡಿಕೊಂಡರು ಎಂದು ಕೊನೆಗೊಂದು ಸಾಲು ಬರೆದಿದ್ದ. ಇಸ್ಪೀಟಿನ ಕಡೆ ಬೆಟ್ಟಯ್ಯ ಹೋಗಲಿಲ್ಲ. ತಪ್ಪು ಒಪ್ಪಿಕೊಂಡು ಬಂದೆ ಎಂದು ಹೆಂಡತಿಗೆ ಹೇಳಿದ ದಿನ ಅವಳು ರಾತ್ರಿ ಅವನ ಪಕ್ಕದಲ್ಲಿ ತಟ್ಟೆ ಹಾಕಿಕೊಂಡು ಕೂತಳು. ಅಲ್ಲಿಗೆ ಮುಗಿಯಿತು ಎಂದು ಬೆಟ್ಟಯ್ಯ ಅಂದುಕೊಂಡ.

ಮುಂದಿನ ತಿಂಗಳ ಮೊದಲ ಶುಕ್ರವಾರ, ನಮಾಜು ಮುಗಿದ ಹೊತ್ತಿಗೆ ಸರಿಯಾಗಿ ಬೆಲ್ ಆಯಿತು. ಉಮ್ಮರಬ್ಬ ನಿಂತಿದ್ದ, ಅದೇ ಇಸ್ತ್ರಿ ಮಾಡಿದ ಬಿಳಿ ಅಂಗಿ. ಖರ್ಜೂರದ ಪೊಟ್ಟಣ ಇರಲಿಲ್ಲ. ಒಳಗೆ ಬಾ ಅಂದರೆ, ಅಂಗಡಿಯಲ್ಲಿ ಕೆಲಸ ಉಂಟು ಅಂದ. ಹೊಸ್ತಿಲ ಆಚೆಯಿಂದಲೇ ಹತ್ತು ದಿನಾರಿನ ನೋಟನ್ನು ಕೈಗೆ ಕೊಟ್ಟ. ಬೆಟ್ಟಯ್ಯ ತೆಗೆದುಕೊಂಡ. ಉಮ್ಮರಬ್ಬ ಹೊರಡಲಿಲ್ಲ.

"ಒಂದು ರಶೀದಿ ಬೇಕಿತ್ತು ಸಾರ್. ಕುಂಞಿಪಾತುಮ್ಮನ ಹೆಸರಲ್ಲಿ."

ಬೆಟ್ಟಯ್ಯ ಕಾಗದ, ಪೆನ್ನು ತಂದು, ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಮೇಲೆ ಬಗ್ಗಿ ಬರೆಯಲು ತೊಡಗಿದ. ತಾರೀಖು ಬರೆದ, ಅವಳ ಹೆಸರು ಬರೆದ. ನಾಗರತ್ನಮ್ಮ ಅಡುಗೆಮನೆಯಿಂದ ಬಂದಳು. ಅವಳಿಗೂ ಅವನನ್ನು ನೇರ ನೋಡಲಾಗಲಿಲ್ಲ. ಆ ನೀರು ಕುಡಿದವಳಲ್ಲವೇ. ನಿಮ್ಮ ತಂಗಿ ನಮ್ಮನ್ನು ಏನಂದುಕೊಂಡಳೋ ಎಂದು ಮೆಲ್ಲಗೆ ಕೇಳಿದಳು.

"ತಂಗಿಗೆ ನಾನು ಹೇಳ್ಲಿಲ್ಲ ಅಮ್ಮ," ಅಂದ ಉಮ್ಮರಬ್ಬ. "ಅಮ್ಮನಿಗೆ ಗುಣ ಆಯ್ತು, ಹಾಗಾಗಿ ಅವರಿಗೆ ಮನೆ ಬೇಡವಂತೆ ಅಂತ ಬರೆದೆ. ಅವಳಿಗೆ ತುಂಬ ಸಂತೋಷ. ಹೋದ ಗುರುವಾರ ಹರಕೆ ತೀರಿಸಿ ಬಂದಳಂತೆ. ಆಡಿಗೆ ಅಂತ ಕಿವಿಯದ್ದು ಮಾರಿದಳು."

ಪೆನ್ನು ನಿಂತಿತು. ಬೆಟ್ಟಯ್ಯ ಕೈಯಲ್ಲಿದ್ದ ನೋಟನ್ನು ಅವನ ಕಡೆಗೆ ಚಾಚಿದ. ಅದನ್ನಾದರೂ ತಗೋ, ಆಡಿನದ್ದು ನಾನು ಕೊಡುತ್ತೇನೆ ಎಂದು ಏನೇನೋ ಹೇಳಿದ. ಉಮ್ಮರಬ್ಬ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹರಕೆ ಹೊತ್ತವರೇ ತೀರಿಸಬೇಕು, ಬೇರೆಯವರ ದುಡ್ಡು ನಡೆಯುವುದಿಲ್ಲ ಅಂದ. ದನಿಯಲ್ಲಿ ಆಗಲೂ ಕೋಪ ಇರಲಿಲ್ಲ. ನಾಗರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಬೆಟ್ಟಯ್ಯ ಅರ್ಧ ಬರೆದದ್ದನ್ನು ಪೂರ್ತಿ ಮಾಡಿದ. ಹತ್ತು ದಿನಾರ್ ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಕಾಗದ ಹರಿದು ಕೊಟ್ಟ. ಉಮ್ಮರಬ್ಬ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಮೊದಲಿಂದ ಕೊನೆಯವರೆಗೆ ಓದಿದ. ಓದಿ ಹಿಂದಕ್ಕೆ ಕೊಟ್ಟ.

"ಸಹಿ ಬಾಕಿ ಉಂಟು ಸಾರ್."

ಬೆಟ್ಟಯ್ಯ ಮತ್ತೆ ಬಗ್ಗಿದ. ಒಂದೇ ಎಳೆತಕ್ಕೆ ಬರಲಿಲ್ಲ, ನಡುವೆ ಎರಡು ಸಲ ಕೈ ಎತ್ತಬೇಕಾಯಿತು. ಅಡಿಗೆರೆಯನ್ನು ಅವನು ಎಳೆಯಲಿಲ್ಲ.